ತರಗತಿಗೆ ಬಂದ ಪರದೆ: ಐವತ್ತು ವರ್ಷಗಳ ಸಿಂಹಾವಲೋಕನ

ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ ಕಲಬುರಗಿ, ರಾಯಚೂರು, ವಿಜಯಪುರ ಸೀಮೆಯ ಹಳ್ಳಿ ಮಕ್ಕಳು ಟಿ.ವಿ. ಮುಂದೆ ಸಾಲಾಗಿ ಕೂತು ಪಾಠ ಕೇಳಿದ್ದರು. 1975ರ ಆಗಸ್ಟ್ 1ರಂದು ಆರಂಭವಾದ ಆ ಪ್ರಯೋಗಕ್ಕೆ ‘ಸೈಟ್’ ಎಂದು ಹೆಸರು. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಬಿಟ್ಟುಕೊಟ್ಟಿತ್ತು. ಇಸ್ರೊ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ತಂತಿ ಜಾಲರಿಯ ಅಗ್ಗದ ಆಂಟೆನಾಗಳನ್ನು ನೆಟ್ಟು, ನೇರವಾಗಿ ಬಾನಿನಿಂದಲೇ ಕಾರ್ಯಕ್ರಮ ಇಳಿಸಿಕೊಂಡಿತು. ಬೆಳಿಗ್ಗೆ ಇಪ್ಪತ್ತೆರಡೂವರೆ ನಿಮಿಷ ಶಾಲಾ ಮಕ್ಕಳಿಗೆ. ಸಂಜೆ ಊರವರಿಗೆ ಕೃಷಿ, ಆರೋಗ್ಯ, ಕುಟುಂಬ ಯೋಜನೆ. 1976ರ ಜುಲೈ 31ಕ್ಕೆ ಗಡುವು ಮುಗಿಯಿತು. ಉಪಗ್ರಹ ಬೇರೆ ಕೆಲಸಕ್ಕೆ ಹೋಯಿತು. ಬೆಳಗಿನ ಪಾಠ ನಿಂತಿತು.

ಅಂದಿನಿಂದ ಇಂದಿನವರೆಗೆ ನಮ್ಮ ತರಗತಿಗಳಿಗೆ ಬಂದು ಹೋದ ಯಂತ್ರಗಳನ್ನು ಒಮ್ಮೆ ಸಾಲಾಗಿ ನಿಲ್ಲಿಸಿ ನೋಡಬೇಕಾದ ಹೊತ್ತಿದು. ರೇಡಿಯೊ, ಟಿ.ವಿ., ಸಿ.ಡಿ., ಕಂಪ್ಯೂಟರ್ ಲ್ಯಾಬ್, ಪ್ರೊಜೆಕ್ಟರ್, ಸ್ಮಾರ್ಟ್ ಬೋರ್ಡ್, ಟ್ಯಾಬ್, ವಾಟ್ಸಾಪ್, ಯೂಟ್ಯೂಬ್, ಈಗ ಕೃತಕ ಬುದ್ಧಿಮತ್ತೆ. ಪ್ರತಿಯೊಂದೂ ಬಂದಾಗ ‘ಇನ್ನು ಶಿಕ್ಷಣದ ಚಿತ್ರವೇ ಬದಲಾಗುತ್ತದೆ’ ಎಂಬ ಭಾಷಣ ಆಗಿದೆ. ದೀಪ ಬೆಳಗಿ ಉದ್ಘಾಟನೆ ಆಗಿದೆ. ನಾಲ್ಕಾರು ವರ್ಷಗಳ ಮೇಲೆ ಆ ಪೆಟ್ಟಿಗೆ ಏನಾಯಿತು ಎಂದು ಕೇಳಿದವರು ಮಾತ್ರ ಕಡಿಮೆ. ಆ ಪ್ರಶ್ನೆಯನ್ನು ಇಲ್ಲಿ ಕೇಳೋಣ.

ಸೈಟ್ ಪ್ರಯೋಗದಲ್ಲಿ ಅಷ್ಟಾಗಿ ಚರ್ಚೆಗೆ ಬಾರದ ಒಂದು ಭಾಗವಿತ್ತು. 1975ರ ಅಕ್ಟೋಬರ್‌ನಲ್ಲಿ ಅದೇ ಉಪಗ್ರಹದ ಮೂಲಕ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿ ನಡೆಯಿತು. ಬೆಳಗಿನ ಕಾರ್ಯಕ್ರಮವನ್ನು ನೋಡಿದ ಮಕ್ಕಳ ನೆನಪಿನಲ್ಲಿ ಪರದೆ ಉಳಿದಿರಬಹುದು. ತರಬೇತಿ ಪಡೆದ ಶಿಕ್ಷಕರಾದರೋ ಮುಂದಿನ ಹಲವು ವರ್ಷ ಅದೇ ಹಳ್ಳಿಗಳಲ್ಲಿ ಪಾಠ ಮಾಡಿದರು. ಐವತ್ತು ವರ್ಷಗಳ ಲೆಕ್ಕದಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿ ಇದೇ. ಮಕ್ಕಳ ಮುಂದೆ ತಂದಿಟ್ಟ ಪೆಟ್ಟಿಗೆಗಿಂತ ಶಿಕ್ಷಕರ ಕೈಗೆ ಕೊಟ್ಟ ಸಾಧನ ಹೆಚ್ಚು ಕಾಲ ಬಾಳಿದೆ, ಹೆಚ್ಚು ಫಲ ಕೊಟ್ಟಿದೆ.

ಮಧ್ಯದ ಮೂವತ್ತು ವರ್ಷಗಳನ್ನು ಬೇಗ ದಾಟಬಹುದು. ಆಕಾಶವಾಣಿಯ ಶೈಕ್ಷಣಿಕ ಪಾಠಗಳು, ಆಮೇಲೆ ‘ಚಿನ್ನರ ಚುಕ್ಕಿ’, ‘ಕೇಳಿ ಕಲಿ’ಯಂಥ ರೇಡಿಯೊ ಕಾರ್ಯಕ್ರಮಗಳು ಬಂದವು. ಇವುಗಳಲ್ಲಿ ಹಾಡು, ಆಟ, ನಡುನಡುವೆ ಮಕ್ಕಳು ಉತ್ತರ ಹೇಳಲು ಬಿಡುವು ಇತ್ತು, ಖರ್ಚೂ ಕಡಿಮೆ. 2004ರ ಸೆಪ್ಟೆಂಬರ್ 20ರಂದು ಇಸ್ರೊ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಹಾರಿಸಿದಾಗ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಅದರ ಮೊದಲ ಪ್ರಯೋಗಶಾಲೆಗಳಾದವು. ಕಾಡಂಚಿನ ಶಾಲೆಗಳಿಗೂ ಡಿಶ್ ಬಂತು, ಟಿ.ವಿ. ಬಂತು. ಸೈಟ್‌ನಂತೆಯೇ ಇಲ್ಲೂ ಮಾತು ಮೇಲಿನಿಂದ ಕೆಳಕ್ಕೆ ಹರಿಯಿತು. ಪಾಠ ಬರುವ ಹೊತ್ತಿಗೆ ಕರೆಂಟ್ ಇರಬೇಕು, ಆ ಹೊತ್ತಿಗೆ ತರಗತಿಯೂ ಅದೇ ಪಾಠಕ್ಕೆ ಬಂದಿರಬೇಕು. ಎರಡೂ ಕೂಡಿಬಂದ ದಿನಗಳು ಎಷ್ಟಿದ್ದಾವು? 2010ರಲ್ಲಿ ಎಜುಸ್ಯಾಟ್ ಸೇವೆಯೂ ಮುಗಿಯಿತು.

ಅದೇ ದಶಕದಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಸಿ.ಡಿ.ಗಳ ಮೂಲಕ ಕಂಪ್ಯೂಟರ್ ಆಧಾರಿತ ಕಲಿಕೆಯನ್ನು ಸಾವಿರಾರು ಸರ್ಕಾರಿ ಶಾಲೆಗಳಿಗೆ ಒಯ್ದಿತು. ಆಮೇಲೆ ಆ ಸಂಸ್ಥೆ ತನ್ನದೇ ಕೆಲಸವನ್ನು ಹಿಂತಿರುಗಿ ನೋಡಿ, ತಂತ್ರಜ್ಞಾನದಿಂದ ಶಿಕ್ಷಣದ ಮೂಲ ಸಮಸ್ಯೆ ಪರಿಹಾರವಾಗುವುದಿಲ್ಲ ಎಂದು ಬಹಿರಂಗವಾಗಿ ಹೇಳಿ, ಶಿಕ್ಷಕರ ಜತೆಗಿನ ಕೆಲಸಕ್ಕೆ ಹೊರಳಿತು. ಹಣ ಹಾಕಿ, ಹೆಸರು ಪಣಕ್ಕಿಟ್ಟು ಮಾಡಿದ ಯೋಜನೆಯ ಬಗ್ಗೆ ಹೀಗೆ ಹೇಳಲು ಎದೆಗಾರಿಕೆ ಬೇಕು. ಸರ್ಕಾರದ ಯಾವ ಯೋಜನೆಯ ಕೊನೆಯಲ್ಲೂ ಇಂಥ ಒಂದು ಮಾತನ್ನು ನಾವು ಕೇಳಿಲ್ಲ.

ಕಂಪ್ಯೂಟರ್ ಲ್ಯಾಬುಗಳ ಕಥೆ ಬೇರೆ. 2001ರ ಸುಮಾರಿಗೆ ರಾಜ್ಯದ ‘ಮಾಹಿತಿ ಸಿಂಧು’ ಯೋಜನೆ ಬಂತು. ಅನಂತರ ಕೇಂದ್ರದ ನೆರವಿನ ಐಸಿಟಿ ಯೋಜನೆ ಹಂತ ಹಂತವಾಗಿ ಪ್ರೌಢಶಾಲೆಗಳಿಗೆ ಬಂತು. ಪದ್ಧತಿ ಹೀಗಿತ್ತು: ಖಾಸಗಿ ಕಂಪನಿಗೆ ಕೆಲವು ವರ್ಷಗಳ ಗುತ್ತಿಗೆ, ಕಂಪನಿಯದೇ ಯಂತ್ರ, ಕಂಪನಿಯದೇ ಬೋಧಕ, ಗುತ್ತಿಗೆ ಮುಗಿದ ಮೇಲೆ ಯಂತ್ರ ಶಾಲೆಗೆ. ಕಾಗದದ ಮೇಲೆ ಇದು ಚೆನ್ನಾಗಿಯೇ ಕಾಣುತ್ತದೆ. ನಡೆದದ್ದೇ ಬೇರೆ. ಕಡಿಮೆ ಸಂಬಳದ ಬೋಧಕ ಮಕ್ಕಳಿಗೆ ಪೇಂಟ್, ವರ್ಡ್ ಹೇಳಿಕೊಟ್ಟ. ಗಣಿತದ ಮೇಷ್ಟರಿಗೂ ವಿಜ್ಞಾನದ ಟೀಚರಿಗೂ ಆ ಕೋಣೆಯ ಕೀಲಿಕೈ ಸಿಗಲಿಲ್ಲ. ಗುತ್ತಿಗೆ ಮುಗಿದ ದಿನ ಬೋಧಕ ಹೊರಟ. ಯುಪಿಎಸ್ ಬ್ಯಾಟರಿ ಸತ್ತಿತು. ದುರಸ್ತಿಗೆ ಶಾಲೆಯ ಬಳಿ ಹಣವಿಲ್ಲ, ಸ್ಟಾಕ್ ಪುಸ್ತಕದಿಂದ ತೆಗೆದುಹಾಕಲು ಮುಖ್ಯೋಪಾಧ್ಯಾಯರಿಗೆ ಅಧಿಕಾರವಿಲ್ಲ. ಬೀಗ ಹಾಕಿದ ಕೋಣೆ, ಒಳಗೆ ಪ್ಲಾಸ್ಟಿಕ್ ಹೊದಿಕೆ ಹೊದ್ದು ಸಾಲಾಗಿ ಕೂತ ಮಾನಿಟರ್‌ಗಳು. ಸರ್ಕಾರಿ ಪ್ರೌಢಶಾಲೆಗಳಲ್ಲಿ ಓಡಾಡಿದವರಿಗೆಲ್ಲ ಈ ನೋಟ ಗೊತ್ತು. ಆ ಕೋಣೆ ಸಿಗದ ಕಾರಣಕ್ಕೆ ಮಕ್ಕಳು ವರಾಂಡದಲ್ಲಿ ಕೂತು ಪಾಠ ಕೇಳಿದ ಶಾಲೆಗಳೂ ಉಂಟು.

ಈ ನಡುವೆ ಸದ್ದಿಲ್ಲದೆ ಒಂದು ಒಳ್ಳೆಯ ಕೆಲಸ ನಡೆಯಿತು. 2011ರ ಸುಮಾರಿಗೆ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಸೇರಿ ಪ್ರೌಢಶಾಲಾ ಶಿಕ್ಷಕರಿಗಾಗಿ ವಿಷಯ ಶಿಕ್ಷಕರ ವೇದಿಕೆಯನ್ನು ಕಟ್ಟಿದವು. ಶಿಕ್ಷಕರು ಅದನ್ನು ಎಸ್‌ಟಿಎಫ್ ಎಂದೇ ಕರೆದರು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಹೀಗೆ ವಿಷಯಕ್ಕೊಂದು ಇ-ಮೇಲ್ ಬಳಗ. ಎಷ್ಟೋ ಶಿಕ್ಷಕರಿಗೆ ಅದೇ ಮೊದಲ ಇ-ಮೇಲ್ ಖಾತೆ. ಮುಕ್ತ ತಂತ್ರಾಂಶ, ಉಬುಂಟು, ಜಿಯೋಜೀಬ್ರಾ ಎಂಬ ಹೆಸರುಗಳನ್ನು ಅವರು ಕೇಳಿದ್ದೇ ಅಲ್ಲಿ. ಬೀದರಿನ ಗಣಿತ ಶಿಕ್ಷಕರ ಸಂದೇಹಕ್ಕೆ ಉಡುಪಿಯವರು ಉತ್ತರಿಸಿದರು. ಒಬ್ಬರು ಹಾಕಿದ ಘಟಕ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಇನ್ನೊಬ್ಬರು ತಪ್ಪು ಹುಡುಕಿದರು. ಹತ್ತಿರದ ಶಾಲೆಗೆ ಹದಿನೈದು ಕಿಲೊಮೀಟರ್ ಇರುವ ಊರಲ್ಲಿ, ತನ್ನ ವಿಷಯಕ್ಕೆ ತಾನೊಬ್ಬನೇ ಶಿಕ್ಷಕನಾಗಿರುವವನಿಗೆ ಇದು ಎಷ್ಟು ದೊಡ್ಡ ಆಸರೆ ಎಂಬುದನ್ನು ಹೊರಗಿನವರು ಊಹಿಸುವುದು ಕಷ್ಟ. ಇದರ ಬೆನ್ನಿಗೇ ‘ಕೋಯರ್’ ಬಂತು. ವಿಕಿಪೀಡಿಯದಂತೆ ಯಾರು ಬೇಕಾದರೂ ಓದಿ, ಬಳಸಿ, ತಿದ್ದಬಹುದಾದ ಕರ್ನಾಟಕದ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣ. ಬರೆದವರು ಶಿಕ್ಷಕರೇ, ಕನ್ನಡದಲ್ಲೂ. 2016–17ರಿಂದ ಇಲಾಖೆ ನಡೆಸಿದ, ತಂತ್ರಜ್ಞಾನದ ನೆರವಿನ ಕಲಿಕೆಗಾಗಿನ ‘ಟಾಲ್ಪ್’ ತರಬೇತಿಯ ಹಿಂದೆಯೂ ಇದೇ ಆಲೋಚನೆ ಇತ್ತು: ಪಾಠವನ್ನು ಕೊಂಡು ತರುವ ಬದಲು ಶಿಕ್ಷಕರೇ ಕಟ್ಟಲಿ.

ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶ ಹೇಗೆ ಬಳಕೆಯಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹತ್ತನೇ ತರಗತಿಯಲ್ಲಿ ಥೇಲ್ಸನ ಪ್ರಮೇಯ ಇದೆ. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆ ಉಳಿದೆರಡು ಬಾಹುಗಳನ್ನು ಸಮಾನುಪಾತದಲ್ಲಿ ವಿಭಾಗಿಸುತ್ತದೆ. ಪರೀಕ್ಷೆಗೆ ಬಂದೇ ಬರುತ್ತದೆಂದು ಮಕ್ಕಳು ಸಾಧನೆಯ ಸಾಲುಗಳನ್ನು ಉರುಹೊಡೆಯುತ್ತಾರೆ. ಹಲಗೆಯ ಮೇಲೆ ಎಳೆದ ತ್ರಿಭುಜ ಒಂದೇ; ಅದರಲ್ಲಿ ಪ್ರಮೇಯ ನಿಜವಾದರೆ ಎಲ್ಲ ತ್ರಿಭುಜಗಳಲ್ಲೂ ನಿಜ ಎಂದು ನಂಬಬೇಕು. ಜಿಯೋಜೀಬ್ರಾದಲ್ಲಿ ಶಿಕ್ಷಕಿ ತ್ರಿಭುಜ ಎಳೆದು, ಸಮಾಂತರ ರೇಖೆ ಹಾಕಿ, ಎರಡು ಅನುಪಾತಗಳನ್ನು ಪಕ್ಕದಲ್ಲಿ ತೋರಿಸುತ್ತಾರೆ. ಆಮೇಲೆ ಒಬ್ಬ ಹುಡುಗಿಯನ್ನು ಕರೆದು ಶೃಂಗವನ್ನು ಹಿಡಿದು ಎಳೆಯಲು ಹೇಳುತ್ತಾರೆ. ತ್ರಿಭುಜ ಉದ್ದವಾಗುತ್ತದೆ, ಓರೆಯಾಗುತ್ತದೆ, ಚಪ್ಪಟೆಯಾಗುತ್ತದೆ. ಬಾಹುಗಳ ಅಳತೆ ಕ್ಷಣಕ್ಷಣಕ್ಕೂ ಓಡುತ್ತದೆ. ಎರಡು ಅನುಪಾತಗಳು ಮಾತ್ರ ಒಂದಕ್ಕೊಂದು ಸಮವಾಗಿಯೇ ಇರುತ್ತವೆ. ಹಿಂದಿನ ಬೆಂಚಿನಿಂದ ‘ರೇಖೆ ಸಮಾಂತರ ಇಲ್ಲದಿದ್ದರೆ?’ ಎಂಬ ಪ್ರಶ್ನೆ ಬರುತ್ತದೆ. ಅದನ್ನೂ ಎಳೆದು ನೋಡುತ್ತಾರೆ. ಅಲ್ಲಿಂದ ಆಚೆಗೆ ಸಾಧನೆ ಬರೆಯುವ ಪಾಠ ಹಲಗೆಯ ಮೇಲೆ, ಸೀಮೆಸುಣ್ಣದಲ್ಲೇ ನಡೆಯುತ್ತದೆ. ಪರದೆ ಬೆಳಗಿದ್ದು ಹತ್ತೇ ನಿಮಿಷ. ಬೇಕಾದದ್ದು ಒಂದು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್, ಪುಕ್ಕಟೆ ಸಿಗುವ ತಂತ್ರಾಂಶ, ಮತ್ತು ಹಿಂದಿನ ರಾತ್ರಿ ಮನೆಯಲ್ಲಿ ಇದನ್ನು ಮಾಡಿ ನೋಡಿದ ಶಿಕ್ಷಕಿ. ಕೊನೆಯದು ಇಲ್ಲದಿದ್ದರೆ ಮೊದಲ ಮೂರೂ ವ್ಯರ್ಥ.

2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. ಇ-ಮೇಲ್ ಬಳಗಗಳ ಮಾತುಕತೆಯೆಲ್ಲ ವಾಟ್ಸಾಪಿಗೆ, ಆಮೇಲೆ ಟೆಲಿಗ್ರಾಂಗೆ ಸರಿಯಿತು. ಲಾಭ ಕಣ್ಣಿಗೆ ಕಾಣುವಂಥದ್ದು. ಇ-ಮೇಲ್ ತೆರೆಯಲು ಹಿಂಜರಿಯುತ್ತಿದ್ದ ಹಿರಿಯ ಶಿಕ್ಷಕರೂ ವಾಟ್ಸಾಪಿನಲ್ಲಿ ಮಾತಾಡಿದರು. 2017ರಲ್ಲಿ ಗೂಗಲ್ ಕನ್ನಡದಲ್ಲಿ ಮಾತಾಡಿದರೆ ಅಕ್ಷರವಾಗಿಸುವ ಸೌಲಭ್ಯ ಕೊಟ್ಟ ಮೇಲೆ ಟೈಪಿಂಗ್‌ನ ಅಡ್ಡಿಯೂ ತಗ್ಗಿತು. ನಲಿ-ಕಲಿ ಶಿಕ್ಷಕಿಯರು ತಾವು ಮಾಡಿದ ಮಿಂಚುಪಟ್ಟಿ, ಕಾಗದದ ಗೊಂಬೆ, ಗೋಡೆಯ ಮೇಲಿನ ಚಿತ್ರಗಳ ಫೋಟೊ ಹಾಕಿದರು. ನೋಡಿದವರು ಮರುದಿನವೇ ತಮ್ಮ ಶಾಲೆಯಲ್ಲಿ ಮಾಡಿದರು. ಅಧಿಕಾರಿಯ ಆದೇಶವಿಲ್ಲದೆ, ತರಬೇತಿ ಭತ್ಯೆಯಿಲ್ಲದೆ ಇಷ್ಟು ವೇಗವಾಗಿ ಒಂದು ಬೋಧನೋಪಕರಣ ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿದ್ದು ಹಿಂದೆ ನಡೆದಿರಲಿಲ್ಲ.

ನಷ್ಟವೂ ಅಲ್ಲೇ ಇತ್ತು. ಇ-ಮೇಲ್ ಬಳಗದಲ್ಲಿ ಮೂರು ವರ್ಷ ಹಿಂದಿನ ಚರ್ಚೆ ಹುಡುಕಿದರೆ ಸಿಗುತ್ತಿತ್ತು. ವಾಟ್ಸಾಪಿನಲ್ಲಿ ಶುಭೋದಯ, ಹುಟ್ಟುಹಬ್ಬದ ಹಾರೈಕೆ, ರಾಜಕೀಯದ ಫಾರ್ವರ್ಡ್‌ಗಳ ನಡುವೆ ಒಳ್ಳೆಯ ಪಾಠಯೋಜನೆ ಸಂಜೆಯೊಳಗೆ ಕಣ್ಮರೆ. ಫೋನ್ ಬದಲಾಯಿಸಿದರೆ ಉಳಿದದ್ದೂ ಹೋಯಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಸಾವಿರಾರು ಶಿಕ್ಷಕರ ದುಡಿಮೆ ಹರಿದುಹೋಗಿದೆ. ಇದಕ್ಕೆ ಅಕ್ಷರದ ತೊಡಕೂ ಕೂಡಿಕೊಂಡಿತು. ಶಾಲಾ ಕಚೇರಿಯ ಕಂಪ್ಯೂಟರಿನಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಪ್ರಶ್ನೆಪತ್ರಿಕೆ ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಗೆರೆಗಳು. ಅದಕ್ಕಾಗಿ ಎಲ್ಲವನ್ನೂ ಪಿಡಿಎಫ್ ಮಾಡಿ, ಇಲ್ಲವೇ ಫೋಟೊ ತೆಗೆದು ಹಂಚಿದರು. ಹಾಗೆ ಹಂಚಿದ್ದನ್ನು ಇನ್ನೊಬ್ಬರು ತಿದ್ದುವಂತಿಲ್ಲ, ಹುಡುಕುವಂತಿಲ್ಲ. ಯೂನಿಕೋಡ್‌ನಲ್ಲಿ ಬರೆಯುವುದು ಇಂದು ಎಲ್ಲ ಫೋನುಗಳಲ್ಲೂ ಸಾಧ್ಯ. ಆದರೂ ಹಳೆಯ ಫಾಂಟಿನ ಕಡತಗಳು ಇಂದಿಗೂ ಶಾಲೆಗಳಲ್ಲಿ ಸುತ್ತುತ್ತಿವೆ. ಕನ್ನಡಪರ ಘೋಷಣೆಗಳಿಗಿಂತ ಈ ಸಣ್ಣ ಶಿಸ್ತು ಕನ್ನಡ ಶಾಲೆಗೆ ಹೆಚ್ಚು ಉಪಕಾರ ಮಾಡುತ್ತದೆ.

ಇಷ್ಟರಲ್ಲಿ 2020ರ ಮಾರ್ಚ್ ಬಂತು, ಅದರ ಜತೆಗೆ ಕೋವಿಡ್.

ಶಾಲೆಗಳು ಮುಚ್ಚಿದ ಮೇಲೆ ನಡೆದದ್ದನ್ನು ಮರೆಯುವ ಆತುರ ಎಲ್ಲರಲ್ಲೂ ಕಾಣುತ್ತಿದೆ. ಮರೆಯಬಾರದು. ಅದೇ ವರ್ಷದ ಜೂನ್‌ನಲ್ಲಿ ರಾಜ್ಯ ಸರ್ಕಾರ ಎಳೆಯ ಮಕ್ಕಳ ಆನ್‌ಲೈನ್ ತರಗತಿಗಳನ್ನು ನಿಷೇಧಿಸಿತು. ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಒಂದು ಕಡೆ ಮೂರು ವರ್ಷದ ಮಗುವನ್ನು ಲ್ಯಾಪ್‌ಟಾಪ್ ಮುಂದೆ ಗಂಟೆಗಟ್ಟಲೆ ಕೂರಿಸಿ ಶುಲ್ಕ ಕೇಳಿದ ಶಾಲೆಗಳು, ಇನ್ನೊಂದು ಕಡೆ ಮನೆಯಲ್ಲಿ ಫೋನೇ ಇಲ್ಲದ ಮಕ್ಕಳು. ಮಕ್ಕಳಿದ್ದಲ್ಲಿಗೇ ಪಾಠ ಒಯ್ಯುವ ‘ವಿದ್ಯಾಗಮ’ ಶುರುವಾದಾಗ ಇಲಾಖೆಯೇ ಮಕ್ಕಳನ್ನು ಮೂರು ಗುಂಪು ಮಾಡಿತು: ಇಂಟರ್‌ನೆಟ್ ಇರುವ ಫೋನ್ ಇದ್ದವರು, ಬರೀ ಮಾತಾಡುವ ಫೋನ್ ಇದ್ದವರು, ಏನೂ ಇಲ್ಲದವರು. ಆ ವಿಂಗಡಣೆ ಪ್ರಾಮಾಣಿಕವಾಗಿತ್ತು. ಶಿಕ್ಷಕರು ದೇವಸ್ಥಾನದ ಜಗಲಿ, ಸಮುದಾಯ ಭವನ, ಅರಳಿಕಟ್ಟೆಗಳಲ್ಲಿ ಮಕ್ಕಳನ್ನು ಕೂರಿಸಿ ಪಾಠ ಮಾಡಿದರು. ಸೋಂಕಿನ ಸುದ್ದಿ ಬಂದು ಅಕ್ಟೋಬರಿನಲ್ಲಿ ನಿಲ್ಲಿಸಬೇಕಾಯಿತು. 2021ರ ಜನವರಿಯಲ್ಲಿ ಮತ್ತೆ ಆರಂಭಿಸಿದರು. ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ಹೀಗೆ ಹೊಸ ಸಾಧನಗಳೆಲ್ಲ ಕೈಕೊಟ್ಟ ಕಡೆ ಹಳೆಯ ಟಿ.ವಿ. ಮತ್ತು ಅರಳಿಕಟ್ಟೆ ಮಕ್ಕಳ ಕೈಹಿಡಿದವು.

ಮಲೆನಾಡು, ಕರಾವಳಿಯ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದರು. ಸುಳ್ಯ ತಾಲ್ಲೂಕಿನಲ್ಲಿ ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರ 2021ರ ಜೂನ್‌ನಲ್ಲಿ ದೇಶವೆಲ್ಲ ಓಡಾಡಿತು. ಜನ ಅದನ್ನು ತಂದೆಯ ಪ್ರೀತಿಯ ಚಿತ್ರವೆಂದು ಮೆಚ್ಚಿದರು. ಪ್ರೀತಿ ಇದ್ದದ್ದು ನಿಜ. ಆದರೆ ಒಂದು ಮಗು ತನ್ನ ಪಾಠಕ್ಕಾಗಿ ಮಳೆಯಲ್ಲಿ ಬೀದಿಗೆ ಬರಬೇಕಾಯಿತು ಎಂಬುದು ಆ ಚಿತ್ರದಲ್ಲಿರುವ ಮುಖ್ಯ ಸುದ್ದಿ. ಶಿವಮೊಗ್ಗ ಜಿಲ್ಲೆಯ ಹಳ್ಳಿಗಳು ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂದು ಚಳವಳಿ ಹೂಡಿದ್ದು ಇದೇ ನೋವಿನಿಂದ.

ಫಲ ಏನಾಯಿತು? 2021ರ ಮಾರ್ಚ್‌ನಲ್ಲಿ ಕರ್ನಾಟಕದ ಗ್ರಾಮೀಣ ಜಿಲ್ಲೆಗಳಲ್ಲಿ ನಡೆದ, ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆಯಲ್ಲಿ, ಎರಡನೇ ತರಗತಿಯ ಪಠ್ಯವನ್ನು ಓದಬಲ್ಲ ಮೂರನೇ ತರಗತಿಯ ಮಕ್ಕಳ ಪ್ರಮಾಣ 2018ರ ಶೇ 19.2ರಿಂದ ಶೇ 9.8ಕ್ಕೆ ಇಳಿದಿತ್ತು. ಅರ್ಧಕ್ಕರ್ಧ ಕುಸಿತ. ಸಾಲದ್ದಕ್ಕೆ 2018ರ ಅಂಕಿಯೂ ಹೆಮ್ಮೆಪಡುವಂಥದ್ದಾಗಿರಲಿಲ್ಲ. 2021ರ ದೇಶಮಟ್ಟದ ಅಸರ್ ಸಮೀಕ್ಷೆಯ ಪ್ರಕಾರ ಶಾಲೆಗೆ ಹೋಗುವ ಮಕ್ಕಳಲ್ಲಿ ಶೇ 67.6ರಷ್ಟು ಜನರ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಹಾಗಿದ್ದೂ ಅವರಲ್ಲಿ ನಾಲ್ವರಲ್ಲೊಬ್ಬರ ಕೈಗೆ ಅದು ಸಿಗುತ್ತಿರಲಿಲ್ಲ. ಫೋನ್ ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತಿತ್ತು. ಒಂದೇ ಫೋನ್ ಇದ್ದ ಮನೆಗಳಲ್ಲಿ ಅಣ್ಣನ ಪಾಠ ಮುಗಿದ ಮೇಲೆ ತಂಗಿಯ ಸರದಿ.

ಆ ಕಷ್ಟಕಾಲದಲ್ಲೂ ಕೆಲವರು ದಾರಿ ಕಂಡುಕೊಂಡರು. ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು ಲೈವ್ ಪಾಠದ ಗೋಜಿಗೇ ಹೋಗಲಿಲ್ಲ. ಮಕ್ಕಳು ಪಾಠಪುಸ್ತಕದ ಒಂದು ಪುಟವನ್ನು ಓದಿ ಧ್ವನಿಸಂದೇಶ ಕಳಿಸಬೇಕು, ಅಷ್ಟೇ. ಅವರು ನಮಗೆ ಕೇಳಿಸಿದ ಒಂದು ಸಂದೇಶದಲ್ಲಿ ಮೂರನೇ ತರಗತಿಯ ಹುಡುಗ ‘ಭೂಮಿ’ಯನ್ನು ‘ಬೂಮಿ’ ಎನ್ನುತ್ತಾನೆ, ಒತ್ತಕ್ಷರ ಬಂದಲ್ಲೆಲ್ಲ ತಡೆದು ನಿಲ್ಲುತ್ತಾನೆ. ಹಿಂದಿನಿಂದ ತಾಯಿ ಮೆಲ್ಲಗೆ ಹೇಳಿಕೊಡುತ್ತಾಳೆ. ಒಂದು ಪದಕ್ಕೆ ತಾಯಿಯೂ ತಡೆಯುತ್ತಾಳೆ. ಮೂವತ್ತು ಮಕ್ಕಳ ತರಗತಿಯಲ್ಲಿ ಒಬ್ಬೊಬ್ಬರ ಓದನ್ನು ಇಡೀ ಎರಡು ನಿಮಿಷ ಕೇಳಿಸಿಕೊಳ್ಳಲು ಯಾವ ಶಿಕ್ಷಕರಿಗೂ ಬಿಡುವಿರುವುದಿಲ್ಲ. ರಾತ್ರಿ ಊಟವಾದ ಮೇಲೆ ಇವರು ಒಂದೊಂದನ್ನೂ ಕೇಳಿ, ಯಾರಿಗೆ ಮಹಾಪ್ರಾಣ, ಯಾರಿಗೆ ಒತ್ತಕ್ಷರ, ಯಾರಿಗೆ ವಾಕ್ಯದ ಕೊನೆಯ ನಿಲುಗಡೆ ಎಂದು ಪಟ್ಟಿ ಮಾಡಿಕೊಂಡರು. ಉತ್ತರವಾಗಿ ತಮ್ಮದೇ ಧ್ವನಿಯಲ್ಲಿ ಅದೇ ಪುಟವನ್ನು ಓದಿ ಕಳಿಸಿದರು. ಯಾವ ಕಂಪನಿಯ ಆ್ಯಪೂ ಬೇಕಾಗಲಿಲ್ಲ. ವಾಟ್ಸಾಪ್ ಪಾಠದ ಕೆಲಸಕ್ಕೆ ನಿಜವಾಗಿ ಒದಗಿದ್ದು ಹೀಗೆ, ಮಗುವಿನ ದನಿಯನ್ನು ಶಿಕ್ಷಕರ ಕಿವಿಗೆ ತಲುಪಿಸಿದಾಗ. ಇಡೀ ದಿನದ ಪಾಠದ ಫೋಟೊಗಳನ್ನು ಪೋಷಕರ ಗುಂಪಿಗೆ ಸುರಿದು ‘ನೋಟ್ಸ್ ಬರೆದುಕೊಳ್ಳಿ’ ಎಂದವರಿಂದ ಕಲಿಕೆ ನಡೆಯಲಿಲ್ಲ.

ಶಾಲೆ ಮತ್ತೆ ತೆರೆದ ಮೇಲೆ 2022–23ರಲ್ಲಿ ‘ಕಲಿಕಾ ಚೇತರಿಕೆ’ ಕಾರ್ಯಕ್ರಮ ನಡೆಯಿತು. ಅದರ ಜೀವಾಳ ಕಾಗದದ ಅಭ್ಯಾಸ ಹಾಳೆಗಳು ಮತ್ತು ಶಿಕ್ಷಕರ ಗಮನ ಎಂಬುದನ್ನು ಗಮನಿಸಬೇಕು. ಡಿಜಿಟಲ್ ಕಡೆ ನೋಡಿದರೆ, 2017ರ ಶಿಕ್ಷಕರ ದಿನದಂದು ಬಂದ, ಪಾಠ ಸಾಮಗ್ರಿಯ ‘ದೀಕ್ಷಾ’ ವೇದಿಕೆ, ಅನಂತರ ಪಠ್ಯಪುಸ್ತಕಗಳಲ್ಲಿ ಅಚ್ಚಾದ ಕ್ಯೂಆರ್ ಕೋಡ್‌ಗಳು ಒಳ್ಳೆಯ ಏರ್ಪಾಡೇ. ಪಾಠದ ಪಕ್ಕದಲ್ಲೇ ವಿಡಿಯೊ ಇದೆ, ಹಣ ಕೊಡಬೇಕಿಲ್ಲ, ಜಾಹೀರಾತಿನ ಕಾಟವಿಲ್ಲ. ಆದರೆ ಶಾಲೆಯಲ್ಲಿ ಇಂಟರ್‌ನೆಟ್ ಬೇಕಲ್ಲ. ಶಾಲೆಗಳ ಅಂಕಿಅಂಶ ಕೊಡುವ ಯುಡೈಸ್‌ನ 2024–25ರ ವರದಿಯಂತೆ ದೇಶದ ಶೇ 63.5 ಶಾಲೆಗಳಲ್ಲಷ್ಟೇ ಅದಿದೆ. ಉಳಿದ ಕಡೆ ಶಿಕ್ಷಕರು ಸ್ವಂತ ಫೋನಿನ ಸ್ವಂತ ಡೇಟಾದಲ್ಲಿ ವಿಡಿಯೊ ತೋರಿಸುತ್ತಾರೆ. ಐದಿಂಚಿನ ಪರದೆಯ ಸುತ್ತ ಇಪ್ಪತ್ತು ತಲೆಗಳು ಸೇರುತ್ತವೆ. ಆ ಡೇಟಾದ ಹಣ ಯಾವ ಯೋಜನೆಯ ಲೆಕ್ಕದಲ್ಲೂ ಇಲ್ಲ.

ಇನ್ನು ಮಕ್ಕಳೂ ಸಾಮಾಜಿಕ ಜಾಲತಾಣವೂ. ಈ ವಿಷಯದಲ್ಲಿ ನಮ್ಮ ನಿಲುವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಶಿಕ್ಷಕರು ಪರಸ್ಪರ ಕಲಿಯಲು ಜಾಲತಾಣ ಬೇಕು. ಶಾಲಾ ಮಕ್ಕಳಿಗೆ ಪಾಠ ಹೇಳಲು ಅದು ಬೇಡ. 2024ರ ಅಸರ್ ವರದಿಯ ಪ್ರಕಾರ ಗ್ರಾಮೀಣ ಭಾರತದ 14ರಿಂದ 16 ವಯಸ್ಸಿನ ಮಕ್ಕಳಲ್ಲಿ ಶೇ 82ಕ್ಕೂ ಹೆಚ್ಚು ಜನರಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಾಗೆ ಬಲ್ಲವರಲ್ಲಿ ಸಮೀಕ್ಷೆಯ ಹಿಂದಿನ ವಾರ ಓದಿಗೆ ಸಂಬಂಧಿಸಿ ಅದನ್ನು ಬಳಸಿದವರು ಶೇ 57. ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಮಕ್ಕಳು ಆಗಲೇ ಅಲ್ಲಿದ್ದಾರೆ, ಹಾಗಾಗಿ ಪಾಠವನ್ನೂ ಅಲ್ಲಿಗೇ ಒಯ್ಯೋಣ ಎಂಬ ವಾದ ಕೇಳಿಬರುತ್ತದೆ. ಕಣ್ಣನ್ನು ಪರದೆಗೆ ಕಟ್ಟಿಹಾಕುವುದೇ ವ್ಯಾಪಾರವಾಗಿರುವ ಜಾಗದಲ್ಲಿ ಪಾಠ ಎಷ್ಟು ಹೊತ್ತು ಉಳಿದೀತು? ಮೂರು ನಿಮಿಷದ ವಿಜ್ಞಾನದ ವಿಡಿಯೊ ಮುಗಿಯುತ್ತಲೇ ಪಕ್ಕದಲ್ಲಿ ಬರುವುದು ಏನೆಂದು ಶಿಕ್ಷಕರ ಕೈಯಲ್ಲಿಲ್ಲ. ಆಸ್ಟ್ರೇಲಿಯ 2025ರ ಡಿಸೆಂಬರ್‌ನಿಂದ 16 ವರ್ಷದೊಳಗಿನವರ ಜಾಲತಾಣ ಖಾತೆಗಳನ್ನೇ ನಿಷೇಧಿಸಿದೆ. ನಿಷೇಧ ಎಷ್ಟರಮಟ್ಟಿಗೆ ನಡೆಯುತ್ತದೆಂಬುದು ಬೇರೆ ಮಾತು; ಆ ದೇಶ ಕೇಳಿಕೊಂಡ ಪ್ರಶ್ನೆ ಸರಿಯಾದದ್ದು.

ಇನ್ನೊಂದು ಕಳವಳ, ಮಕ್ಕಳ ಮುಖ. ಶಿಕ್ಷಕರು ತರಗತಿಯಲ್ಲೇ ರೀಲ್ಸ್ ಮಾಡಿ ಹಾಕುವುದು ಈಗ ಸಾಮಾನ್ಯ. ಉದ್ದೇಶ ಒಳ್ಳೆಯದೇ ಇರಬಹುದು. ಸರ್ಕಾರಿ ಶಾಲೆಯಲ್ಲೂ ಚೆನ್ನಾಗಿ ಕಲಿಸುತ್ತಾರೆಂದು ಜಗತ್ತಿಗೆ ತೋರಿಸುವ ಹಂಬಲ ನಮಗೆ ಅರ್ಥವಾಗುತ್ತದೆ. ಆದರೆ ಮಗ್ಗಿ ತಪ್ಪಿ ಹೇಳಿ ನಗೆಗೀಡಾದ ಮಗುವಿನ ವಿಡಿಯೊ ಆ ಮಗು ಮದುವೆಯಾಗುವ ವಯಸ್ಸಿಗೂ ಅಲ್ಲೇ ಇರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಯ ವಿಷಯದಲ್ಲಿ ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ. ಕಾನೂನು ಹಾಗಿರಲಿ, ಮಗುವಿನ ತಪ್ಪು ತರಗತಿಯ ನಾಲ್ಕು ಗೋಡೆಯೊಳಗೇ ಉಳಿಯಬೇಕು. ತಪ್ಪು ಮಾಡಲು ಹೆದರುವ ಮಗು ಕಲಿಯುವುದಿಲ್ಲ.

ಕಾಲೇಜು ಮಟ್ಟದಲ್ಲಿ ಮೆಚ್ಚಬೇಕಾದ ಒಂದು ಪ್ರಯತ್ನವಿದೆ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯ, ಮೂಡುಬಿದಿರೆಯ ಆಳ್ವಾಸ್ ಮೊದಲಾದ ಕಡೆ ವಿದ್ಯಾರ್ಥಿಗಳು ವಿಕಿಪೀಡಿಯಕ್ಕೆ ಲೇಖನ ಬರೆದರು. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. 2016ರಲ್ಲಿ ಜೀವ ತಳೆದ ತುಳು ವಿಕಿಪೀಡಿಯದ ಬೆನ್ನಿಗೂ ಕರಾವಳಿಯ ಕಾಲೇಜುಗಳ ಬೆಂಬಲವಿತ್ತು. ಅಂಕಕ್ಕಾಗಿ ಅವಸರದಲ್ಲಿ ಬರೆದ ಲೇಖನಗಳನ್ನು ತಿದ್ದುವ ಹೊರೆ ಹಳೆಯ ಸಂಪಾದಕರ ಮೇಲೆ ಬಿದ್ದದ್ದೂ ನಿಜ. ಆದರೂ ಅಂತರ್ಜಾಲದಿಂದ ನಕಲು ಮಾಡುವ ವಿದ್ಯಾರ್ಥಿ ಅಂತರ್ಜಾಲಕ್ಕೆ ಬರೆಯುವವನಾದ. ಆಧಾರ ಕೊಡದೆ ಬರೆದರೆ ಅಪರಿಚಿತನೊಬ್ಬ ಅಳಿಸಿಹಾಕುತ್ತಾನೆ ಎಂಬ ಅನುಭವ ಯಾವ ಉಪನ್ಯಾಸಕ್ಕಿಂತಲೂ ಚೆನ್ನಾಗಿ ಶಿಸ್ತು ಕಲಿಸುತ್ತದೆ.

ಈಗ ಬಂದಿರುವ ಕೃತಕ ಬುದ್ಧಿಮತ್ತೆಯ ಬಗ್ಗೆ ತೀರ್ಪು ಕೊಡಲು ಕಾಲ ಪಕ್ವವಾಗಿಲ್ಲ. ಶಿಕ್ಷಣ ಪ್ರತಿಷ್ಠಾನವೊಂದರ ಜತೆ ಸೇರಿ ಮೈಕ್ರೋಸಾಫ್ಟ್ ರಿಸರ್ಚ್ ರೂಪಿಸಿದ ‘ಶಿಕ್ಷಾ ಕೋಪೈಲಟ್’ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲೇ ಪ್ರಯೋಗವಾಗಿದೆ. ಪಾಠಯೋಜನೆ ಬರೆಯಲು ಶಿಕ್ಷಕರಿಗೆ ನೆರವಾಗುತ್ತದೆ. ಶಿಕ್ಷಕರ ಕೈಗೆ ಕೊಟ್ಟಿದ್ದಾರೆ ಎಂಬ ಮಟ್ಟಿಗೆ ಅದು ಸರಿಯಾದ ದಿಕ್ಕಿನಲ್ಲಿದೆ. ಯೋಜನೆ ಬರೆಯುವುದರಲ್ಲಿ ಉಳಿದ ಹೊತ್ತು ಮಕ್ಕಳ ಕಡೆ ಹೋಗುತ್ತದೆಯೋ ಇನ್ನೊಂದು ವರದಿ ಭರ್ತಿಗೆ ಹೋಗುತ್ತದೆಯೋ ಎಂಬುದನ್ನು ಕಾದು ನೋಡಬೇಕು.

ವರದಿ ಎಂದಾಗ ಹೇಳಲೇಬೇಕಾದ ಒಂದು ಮಾತಿದೆ. ಶಿಕ್ಷಕರನ್ನು ಒಂಟಿತನದಿಂದ ಬಿಡಿಸಿದ ಅದೇ ವಾಟ್ಸಾಪ್ ಇಂದು ಅವರ ಕೊರಳಿಗೆ ಉರುಳಾಗಿದೆ. ಸಿಆರ್‌ಪಿ ಗುಂಪು, ಬಿಆರ್‌ಸಿ ಗುಂಪು, ಬಿಇಒ ಕಚೇರಿಯ ಗುಂಪು, ಬಿಸಿಯೂಟದ ಗುಂಪು. ಮಧ್ಯಾಹ್ನ ಬಂದ ಸಂದೇಶಕ್ಕೆ ಸಂಜೆಯೊಳಗೆ ಕಡ್ಡಾಯ ಮಾಹಿತಿ. ಮೊಟ್ಟೆ ಕೊಟ್ಟದ್ದಕ್ಕೆ ಫೋಟೊ, ಸಸಿ ನೆಟ್ಟದ್ದಕ್ಕೆ ಫೋಟೊ, ದಿನಾಚರಣೆಗೆ ಫೋಟೊ, ವಿದ್ಯಾರ್ಥಿಗಳ ಮಾಹಿತಿಯ ಎಸ್‌ಎಟಿಎಸ್‌ಗೆ ಅಪ್‌ಡೇಟ್. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ಇಡೀ ಮಧ್ಯಾಹ್ನ ಫೋನ್ ಹಿಡಿದಿರುತ್ತಾರೆ. ಮಕ್ಕಳು ಕಾಣುವುದು ಫೋನಿನಲ್ಲಿ ಮುಳುಗಿದ ಮೇಷ್ಟರನ್ನು. ಆ ಮಕ್ಕಳಿಗೆ ಫೋನ್ ಮುಟ್ಟಬೇಡಿ ಎಂದು ಹೇಳುವ ನೈತಿಕ ಬಲ ಎಲ್ಲಿಂದ ಬರಬೇಕು? ತಂತ್ರಜ್ಞಾನ ಶಿಕ್ಷಕರ ಹೊರೆ ಇಳಿಸುತ್ತದೆಂದು ಹೇಳಿದವರು ಇಷ್ಟು ವರ್ಷಗಳಲ್ಲಿ ಒಂದು ರಿಜಿಸ್ಟರನ್ನೂ ಕಡಿಮೆ ಮಾಡಿಲ್ಲ. ಆನ್‌ಲೈನಿನಲ್ಲಿ ತುಂಬಿದ್ದನ್ನೇ ಪುಸ್ತಕದಲ್ಲೂ ಬರೆಯಬೇಕು.

ಯುನೆಸ್ಕೊ 2023ರಲ್ಲಿ ತನ್ನ ಜಾಗತಿಕ ಶಿಕ್ಷಣ ವರದಿಯನ್ನು ಇದೇ ವಿಷಯಕ್ಕೆ ಮೀಸಲಿಟ್ಟು, ಸಾಧನ ಯಾರ ಷರತ್ತಿನ ಮೇಲೆ ತರಗತಿಗೆ ಬರುತ್ತಿದೆ ಎಂದು ಕೇಳಿತು. ನಮ್ಮ ಐವತ್ತು ವರ್ಷದ ಕಡತದಲ್ಲಿ ಅದಕ್ಕೆ ಉತ್ತರವಿದೆ. ಮಾರುವವರ ಷರತ್ತಿನ ಮೇಲೆ ಬಂದದ್ದು ಗುತ್ತಿಗೆಯ ಜತೆಗೇ ಹೋಯಿತು. ಆಳುವವರ ಷರತ್ತಿನ ಮೇಲೆ ಬಂದದ್ದು ಫೋಟೊ ಅಪ್‌ಲೋಡಾಗಿ ಉಳಿಯಿತು. ಶಿಕ್ಷಕರ ಷರತ್ತಿನ ಮೇಲೆ ಬಂದದ್ದು, ಕಡಿಮೆಯಾದರೂ, ಮಕ್ಕಳಿಗೆ ಮುಟ್ಟಿತು.

ಆದ್ದರಿಂದ ಶಿಕ್ಷಕ ಮಿತ್ರರಲ್ಲಿ ಒಂದು ಕೋರಿಕೆ. ನಿಮ್ಮ ಫೋನಿನಲ್ಲಿ ಬಿದ್ದಿರುವ ಒಳ್ಳೆಯ ಪಾಠಯೋಜನೆ, ಪ್ರಶ್ನೆಪತ್ರಿಕೆ, ಚಟುವಟಿಕೆಗಳನ್ನು ಈ ಬೇಸಿಗೆ ರಜೆಯಲ್ಲಿ ಆರಿಸಿ, ಯೂನಿಕೋಡಿಗೆ ತಂದು, ಕೋಯರ್‌ನಂಥ ಮುಕ್ತ ತಾಣಕ್ಕೆ ಸೇರಿಸಿ. ನಿಮ್ಮ ನಂತರ ಆ ಶಾಲೆಗೆ ಬರುವ ಹೊಸ ಶಿಕ್ಷಕರಿಗೆ ಅದು ಸಿಗಲಿ. ಇಲಾಖೆಗೂ ಒಂದು ಒತ್ತಾಯ. ಶಾಲಾ ಅವಧಿಯಲ್ಲಿ ವಾಟ್ಸಾಪ್ ಮೂಲಕ ಮಾಹಿತಿ ಕೇಳುವುದನ್ನು ಲಿಖಿತ ಆದೇಶ ಹೊರಡಿಸಿ ನಿಲ್ಲಿಸಿ. ಹೊಸ ಸ್ಮಾರ್ಟ್ ತರಗತಿಗೋ ಹೊಸ ಆ್ಯಪಿಗೋ ಟೆಂಡರ್ ಕರೆಯುವ ಮುನ್ನ, 2001ರಿಂದ ಇಂದಿನವರೆಗೆ ಸರ್ಕಾರಿ ಶಾಲೆಗಳಿಗೆ ಕೊಟ್ಟ ಕಂಪ್ಯೂಟರುಗಳಲ್ಲಿ ಇಂದು ಎಷ್ಟು ನಡೆಯುತ್ತಿವೆ, ಎಷ್ಟು ಬೀಗದೊಳಗಿವೆ ಎಂಬ ಶಾಲಾವಾರು ಪಟ್ಟಿಯನ್ನು ಸಾರ್ವಜನಿಕರ ಮುಂದಿಡಿ.